ಉದ್ಯಾವರದಲ್ಲಿ ಸ್ಟಾಪಿಲ್ಲ

ಸ್ಟೇಟ್‌ಬ್ಯಾಂಕಿನಿಂದ ಉಡುಪಿಗೆ ಹನ್ನೊಂದು ಪಾಯಿಖಾನೆ.
ಟಿಕೇಟಿನ ದರ ಮರೆತರೂ ಇದು ಮರೆಯುವುದಿಲ್ಲ ನನಗೆ:
ಕೂಳೂರು ಸಂಕ ದಾಟಿದ ಮೇಲಿನ ಪೆಟ್ರೋಲ್ ಪಂಪು,
ಸುರತ್ಕಲ್ಲಿನದು, ಹಮೀದಾಕ ಬೀಗ ತೆಗೆದಿಡುತ್ತಾರೆ,
ಮುಲ್ಕಿಯ ಹೋಟೆಲಿನದು, ಚಿಲಕವಿಲ್ಲ,
ಕಾಲು ಚಾಚಿ ಬಾಗಿಲು ಒತ್ತಿ ಹಿಡಿಯಬೇಕು,
ಪಡುಬಿದ್ರಿಯದು, ಮಧ್ಯಾಹ್ನ ನೀರಿಲ್ಲ.

ಸುರುವಿಗೆ ಎಲ್ಲರೂ ಉಷ್ಣವೆಂದರು.
ಅತ್ತೆ ಪುನರ್ಪುಳಿ ನೀರು ಕೊಟ್ಟರು, ತಿಮರೆ ಚಟ್ನಿ ಕೊಟ್ಟರು.
ಡ್ರೈವರ್ ಜಾರಪ್ಪಣ್ಣ ಮೂಲವ್ಯಾಧಿಯೆಂದು ತೀರ್ಪಿತ್ತು
ಕೋಳಿ ಬಿಡು ಎಂದ.
ಬಿಟ್ಟೆ. ರಕ್ತ ಬಿಡಲಿಲ್ಲ.
ಕಂಕನಾಡಿಯ ಡಾಕ್ಟರು ಕೊಳವೆ ಇಳಿಸಿ
ಪರದೆಯ ಮೇಲೆ ತೋರಿಸಿದರು:
ದೊಡ್ಡ ಕರುಳಿನ ಒಳಗೋಡೆ, ಆಗಸ್ಟ್ ತಿಂಗಳ ಹೆದ್ದಾರಿ ಹಾಗೆ
ಹೊಂಡ ಬಿದ್ದು ಕೆಂಪು ಕೆಂಪು.
‘ಅಲ್ಸರೇಟಿವ್ ಕೊಲೈಟಿಸ್. ಹೋಗುವಂಥದ್ದಲ್ಲ,
ಮಲಗಿಸಿಡಬಹುದು.’

ಮೊದಲು ಸಲ್ಫಾಸಲಜೀನ್. ಅಗ್ಗ.
ಮೂತ್ರ ಕಿತ್ತಳೆ, ಬನಿಯನಿಗೂ ಹಳದಿ ಬೆವರು,
ಖಾಕಿಯ ಅಡಿಯಲ್ಲಿ ಯಾರಿಗೆ ಕಾಣುತ್ತದೆ.
ಎರಡನೇ ವಾರ ಮೈತುಂಬ ದದ್ದು. ನಿಲ್ಲಿಸಿ, ಎಂದರು.

ಮೆಸಲಮೈನ್ ಅದರದೇ ಬಳಗ, ಸಲ್ಫಾ ಇಲ್ಲದ್ದು.
ಮರ್ಯಾದಸ್ಥ ಮಾತ್ರೆ. ನಡುವೆ ಎಲ್ಲೂ ಇಳಿಯದೆ,
ಕೊನೆಯ ಸ್ಟಾಪಿನ ಟಿಕೇಟು ತೆಗೆದವರ ಹಾಗೆ ಕಣ್ಣು ಮುಚ್ಚಿ ಕೂತು
ದೊಡ್ಡ ಕರುಳಿಗೆ ಬಂದೇ ಬಿಚ್ಚಿಕೊಳ್ಳುತ್ತದೆ.
ಬೆಲೆ ಮಾತ್ರ—
ಪ್ರೆಸಿಲ್ಲಾ ಬಾಯಿ ಪಟ್ಟಿಯನ್ನು ಕತ್ತರಿಯಲ್ಲಿ ತುಂಡು ಮಾಡಿ
ಆರು ಕೊಡುತ್ತಿದ್ದರು, ತಿಂಗಳ ಕೊನೆಗೆ ನಾಲ್ಕು.
ಎರಡು ವರ್ಷ ಅದರಲ್ಲೇ ಓಡಿದೆ.
ಆರಾಮಾಯಿತೆಂದು ನಾನೇ ಬಿಟ್ಟೆ.
ಸುಗಂಧಿ ಅದನ್ನು ಇವತ್ತಿಗೂ ಹೇಳುತ್ತಾಳೆ.

ಪ್ರೆಡ್ನಿಸೊಲೋನ್ ಬಗ್ಗೆ ಎಂತ ಹೇಳುವುದು.
ವಾರದೊಳಗೆ ರಕ್ತ ನಿಂತಿತು, ನಿದ್ದೆಯೂ.
ರಾತ್ರಿ ಎರಡಕ್ಕೆದ್ದು ಬಚ್ಚಲ ಗೋಡೆಗೆ ಸುಣ್ಣ ಬಳಿದೆ.
ಕುಚಲಕ್ಕಿ ಅನ್ನ ಮೂರು ಸಲ ಹಾಕಿಸಿಕೊಂಡೆ.
ಕನ್ನಡಿಯಲ್ಲಿ ಯಾರದೋ ಉಬ್ಬಿದ ಮುಖ.
ಪೆನ್ಸಿಲು ಕಳೆದಳೆಂದು ಮಗಳಿಗೆ ಹೊಡೆದೆ.
ಓಡುವ ಬಸ್ಸಿನಿಂದ ಹಾರಬಾರದು, ಅದನ್ನೂ ಹಾಗೆ ಬಿಡಬಾರದು,
ನಲವತ್ತು, ಮೂವತ್ತೈದು, ಮೂವತ್ತು,
ವಾರಕ್ಕೊಂದು ಗೇರು ಇಳಿಸುತ್ತ ಇಳಿಸುತ್ತ.

ಈಗಿನದು ಅಜಥಯೋಪ್ರಿನ್. ಮೂರು ತಿಂಗಳು ಕಾದರೆ ಬರುವ ಬಸ್ಸು,
ಬರುವವರೆಗೂ ತೋಳಿಗೆ ಸೂಜಿ, ರಕ್ತದ ಲೆಕ್ಕ.
ಇನ್ನೂ ಹೊಸದುಂಟಂತೆ, ಟೋಫಾಸಿಟಿನಿಬ್,
ಬೇಗ ಮುಟ್ಟುತ್ತದಂತೆ, ಹತ್ತುವ ಮೊದಲು ಕ್ಷಯದ ಪರೀಕ್ಷೆ,
ಹತ್ತಿದ ಮೇಲೆ ಸರ್ಪಸುತ್ತಿನ ಹೆದರಿಕೆ.
ಟ್ರಿಪ್‌ಶೀಟಿನ ಹಿಂಬದಿಗೆ ಸುಗಂಧಿ ಗೆರೆ ಎಳೆದಳು:
ಬೆಲೆ. ರಕ್ತ. ನಿದ್ದೆ. ಸಿಟ್ಟು. ದಿನಕ್ಕೆಷ್ಟು ಸಲ.
ಡಾಕ್ಟರ ಮೇಜಿಗೆ ಇಟ್ಟು ಕೇಳಿದಳು, ‘ಯಾವುದು ಒಳ್ಳೆದು?’
ಅವರು ತುಂಬ ಹೊತ್ತು ನೋಡಿ
ಕೊನೆಗೆ ಇನ್ನೊಂದು ಗೆರೆ ಎಳೆದರು:
ಇವರು ಬಿಡದೆ ತಿನ್ನುವಂಥದ್ದು.

ಮೊನ್ನೆ ಗುರುವಾರ, ಕಟಪಾಡಿ ದಾಟಿತ್ತು.
ಕಿಟಕಿ ಬದಿಯ ನರ್ಸಿಂಗ್ ಹುಡುಗಿ
ಬ್ಯಾಗನ್ನು ಹೊಟ್ಟೆಗೆ ಒತ್ತಿಕೊಂಡು ಎದ್ದಳು, ಕೂತಳು.
ಕಂಬಿ ಹಿಡಿದ ಬೆರಳು ಬಿಳಿ.
ಕೇಳಲಿಲ್ಲ. ಹೇಗೆ ಕೇಳುವುದು, ಐವತ್ತು ಜನರ ನಡುವೆ.
ಆ ಮುಖವನ್ನು ನಾನು ಹನ್ನೊಂದು ಕನ್ನಡಿಯಲ್ಲಿ ನೋಡಿದ್ದೇನೆ.
ಸೀಟಿ ಊದಿದೆ.
‘ಉದ್ಯಾವರದಲ್ಲಿ ಸ್ಟಾಪಿಲ್ಲ ಮಾರಾಯ!’ ಜಾರಪ್ಪಣ್ಣ ಬೊಬ್ಬೆ ಹೊಡೆದ,
ಹಿಂದಿನ ಬಸ್ಸು ಹಾರ್ನು ಬಾರಿಸುತ್ತ ನಮ್ಮನ್ನು ದಾಟಿ ಹೋಯಿತು.
‘ಟಯರು ನೋಡಬೇಕು,’ ಎಂದೆ.
ಇಳಿಯುವವಳಿಗೆ ಮಾತ್ರ ಕೇಳುವಷ್ಟು:
‘ಬೇಕರಿಯ ಬದಿ, ನೀಲಿ ಬಾಗಿಲು. ನೀರುಂಟು.’

ಆರೂ ಟಯರಿಗೆ ಒದ್ದೆ. ಮತ್ತೊಮ್ಮೆ ಒದ್ದೆ.
ಮೂರನೇ ಸುತ್ತಿಗೆ ಅವಳು ಬಂದಳು, ನನ್ನನ್ನು ನೋಡದೆ ಹತ್ತಿದಳು.
ರೈಟ್, ಪೋಯಿ.

ಉಡುಪಿಗೆ ಐದು ನಿಮಿಷ ತಡ, ಇನ್ನೂರು ದಂಡ.
ಕಾರಣದ ಜಾಗದಲ್ಲಿ ಬರೆದೆ:
ಹಿಂದಿನ ಎಡ ಟಯರು, ಸಂಶಯ.
ಈಗ ಸರಿ ಉಂಟು.